ಹಾಟ್‌ಸ್ಪಾಟ್ ಎಂಬ ಹೊಸ ಮುಯ್ಯಾಳು

ಮುಯ್ಯಾಳಿನ ಪದ್ಧತಿಯನ್ನು ಮಲೆನಾಡಿನ ಬೆಳೆಗಾರರಿಗೆ ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ಇಂದು ನಿಮ್ಮ ಗದ್ದೆಯ ನಾಟಿಗೆ ನಮ್ಮ ಮನೆಯವರು, ನಾಳೆ ನಮ್ಮ ಅಡಿಕೆ ಸುಲಿತಕ್ಕೆ ನಿಮ್ಮ ಮನೆಯವರು. ಇದರಲ್ಲಿ ಹಣದ ಮಾತಿರಲಿಲ್ಲ; ಹಾಗೆಂದು ಲೆಕ್ಕವೂ ಇರಲಿಲ್ಲವೆಂದು ಯಾರೂ ತಿಳಿಯುತ್ತಿರಲಿಲ್ಲ. ಬಂದವರಿಗೆ ಊಟ ಹಾಕುವುದು, ಹೋದ ಆಳನ್ನು ಹೊತ್ತಿಗೆ ಸರಿಯಾಗಿ ಬಿಡುವುದು, ಪಡೆದ ಉಪಕಾರವನ್ನು ಮರೆಯದೆ ತೀರಿಸುವುದು, ಈ ಮೂರು ನಿಯಮಗಳ ಮೇಲೆ ಆ ಪದ್ಧತಿ ತಲೆಮಾರುಗಳ ಕಾಲ ನಿಂತಿತು.

ಈಗ ನಮ್ಮ ಊರುಗಳಲ್ಲಿ ಹೊಸದೊಂದು ಮುಯ್ಯಾಳು ಹುಟ್ಟಿಕೊಂಡಿದೆ. "ಸ್ವಲ್ಪ ಹಾಟ್‌ಸ್ಪಾಟ್ ಆನ್ ಮಾಡಿ ಮಾರಾಯ್ರೇ" ಎಂಬ ಮಾತು ಸಂಘದ ಜಗಲಿಯಲ್ಲಿ, ಪಂಚಾಯಿತಿ ಕಚೇರಿಯಲ್ಲಿ, ಮದುವೆಯ ಚಪ್ಪರದಲ್ಲಿ ಎಲ್ಲೆಲ್ಲೂ ಕೇಳಿಬರುತ್ತಿದೆ. ಒಬ್ಬರ ಫೋನಿನ ಅಂತರ್ಜಾಲ ಸಂಪರ್ಕವನ್ನು ಇನ್ನೊಬ್ಬರ ಫೋನಿಗೋ, ಲ್ಯಾಪ್‌ಟಾಪಿಗೋ ಹಂಚಿಕೊಡುವ ಈ ಏರ್ಪಾಡು ಒಳ್ಳೆಯದೆಂದೇ ನಮ್ಮ ಅಭಿಪ್ರಾಯ. ಆದರೆ ಮುಯ್ಯಾಳಿಗೆ ಇದ್ದ ನಿಯಮಗಳು ಇದಕ್ಕೆ ಇನ್ನೂ ಹುಟ್ಟಿಲ್ಲ. ಅವುಗಳನ್ನು ನಾವೇ ಮಾಡಿಕೊಳ್ಳಬೇಕಾಗಿದೆ.

ನಮ್ಮ ವಯಸ್ಸಿನವರಿಗೆ 'ಪಿ.ಪಿ. ನಂಬರ್' ನೆನಪಿರಬೇಕು. ಊರಿಗೊಂದೇ ದೂರವಾಣಿ ಇದ್ದ ಕಾಲದಲ್ಲಿ ಅದು ಇದ್ದ ಮನೆಯ ನಂಬರನ್ನು ಸುತ್ತಲಿನ ಹತ್ತು ಮನೆಯವರು ತಮ್ಮ ವಿಳಾಸದ ಕೆಳಗೆ ಬರೆದುಕೊಳ್ಳುತ್ತಿದ್ದರು. ಬೊಂಬಾಯಿಯಿಂದ ಕರೆ ಬಂದರೆ ಆ ಮನೆಯ ಹುಡುಗ ಗದ್ದೆಯಂಚಿನಲ್ಲಿ ಓಡಿಹೋಗಿ ಕರೆದು ತರುತ್ತಿದ್ದ. ಫೋನಿದ್ದವರಿಗೆ ಅದೊಂದು ಗೌರವವೂ ಹೌದು, ಕಿರಿಕಿರಿಯೂ ಹೌದು. ಹಾಟ್‌ಸ್ಪಾಟ್ ಅದೇ ಪಿ.ಪಿ. ನಂಬರಿನ ಮೊಮ್ಮಗ. ವ್ಯತ್ಯಾಸ ಇಷ್ಟೇ: ಅಂದು ಕರೆ ಎಷ್ಟು ಹೊತ್ತು ನಡೆಯಿತೆಂದು ಮನೆಯವರಿಗೆ ಕಣ್ಣೆದುರೇ ಕಾಣುತ್ತಿತ್ತು. ಇಂದು ಪಡೆದವನು ಎಷ್ಟು ಬಳಸಿದ, ಏತಕ್ಕೆ ಬಳಸಿದ ಎಂಬುದು ಕೊಟ್ಟವನಿಗೆ ಕಾಣುವುದಿಲ್ಲ.

ಮೊದಲು ಇದರ ಕೆಲಸವೇನೆಂದು ತಿಳಿಯೋಣ. ಫೋನು ದೂರದ ಟವರಿನಿಂದ ಸಂಪರ್ಕ ಪಡೆಯುತ್ತದೆ. ಹಾಟ್‌ಸ್ಪಾಟ್ ಆನ್ ಮಾಡಿದೊಡನೆ ಅದೇ ಫೋನು ತನ್ನ ಸುತ್ತ ಒಂದು ಪುಟ್ಟ ವೈ-ಫೈ ಹಬ್ಬಿಸಿ, ಹತ್ತಿರದ ಉಪಕರಣಗಳಿಗೆ ಆ ಸಂಪರ್ಕವನ್ನು ಹಂಚುತ್ತದೆ. ಹೊಳೆಯಿಂದ ಬಂದ ಒಂದು ಕಾಲುವೆಯ ನೀರನ್ನು ಹಾಳೆಯಲ್ಲಿ ತಿರುಗಿಸಿ ನಾಲ್ಕು ಬಣ್ಣಕ್ಕೆ ಬಿಟ್ಟ ಹಾಗೆ. ಆಂಡ್ರಾಯ್ಡ್ ಫೋನುಗಳಿಗೆ ಈ ಸೌಕರ್ಯ 2010ರಲ್ಲಿ, ಐಫೋನಿಗೆ 2011ರಲ್ಲಿ ಬಂತು. ವೈ-ಫೈ ಅಲ್ಲದೆ ಚಾರ್ಜಿನ ಯುಎಸ್‌ಬಿ ತಂತಿಯಿಂದಲೂ, ಬ್ಲೂಟೂತ್‌ನಿಂದಲೂ ಹಂಚಬಹುದು. ಒಂದೇ ಲ್ಯಾಪ್‌ಟಾಪಿಗೆ ಕೊಡುವುದಾದರೆ ತಂತಿಯೇ ಉತ್ತಮ. ಫೋನು ಚಾರ್ಜೂ ಆಗುತ್ತಿರುತ್ತದೆ, ಸಂಪರ್ಕವೂ ಸ್ಥಿರವಾಗಿರುತ್ತದೆ, ಹೊರಗಿನವರು ನುಸುಳುವ ಭಯವೂ ಇಲ್ಲ. ಬ್ಲೂಟೂತ್ ನಿಧಾನ, ಆದರೆ ಬ್ಯಾಟರಿ ಕಡಿಮೆ ತಿನ್ನುತ್ತದೆ. ಕರೆಂಟಿಲ್ಲದ ದಿನ ಒಂದು ಅರ್ಜಿ ತುಂಬಲು ಅಷ್ಟೇ ಸಾಕು.

ಪಟ್ಟಣದವರಿಗೆ ಇದು ಒಂದು ಅನುಕೂಲ ಮಾತ್ರ. ನಮಗೆ ಹಾಗಲ್ಲ. ಗುಡ್ಡದ ಮರೆಯ ತೋಟಗಳಲ್ಲಿ ಸಿಗ್ನಲ್ ಎಂಬುದು ಅಂಗಳದ ಒಂದು ಮೂಲೆಯಲ್ಲೋ, ದಣಪೆಯ ಪಕ್ಕದಲ್ಲೋ, ಅಟ್ಟದ ಕಿಟಕಿಯಲ್ಲೋ ಮಾತ್ರ ಸಿಗುವ ವಸ್ತು. 2021ರ ಜೂನ್ ತಿಂಗಳಲ್ಲಿ ಸುಳ್ಯ ತಾಲ್ಲೂಕಿನ ಬಳ್ಳಕದಲ್ಲಿ ಸುರಿಯುವ ಮಳೆಯೊಳಗೆ ರಸ್ತೆಬದಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಹುಡುಗಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ದೇಶವೆಲ್ಲ ನೋಡಿತು. ಅಂಥ ಊರಿನಲ್ಲಿ ಹಾಟ್‌ಸ್ಪಾಟ್‌ನ ನಿಜವಾದ ಪ್ರಯೋಜನ ಬೇರೆಯೇ ಇದೆ. ಸಿಗ್ನಲ್ ಸಿಗುವ ಅಟ್ಟದ ಕಿಟಕಿಯಲ್ಲಿ ಒಂದು ಫೋನನ್ನು ಚಾರ್ಜಿಗೆ ಹಾಕಿ ಇಟ್ಟುಬಿಟ್ಟರೆ, ಕೆಳಗೆ ಜಗಲಿಯಲ್ಲಿ ಕುಳಿತು ಇನ್ನೊಂದು ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ಕೆಲಸ ಮಾಡಬಹುದು. ನಮ್ಮ ದಪ್ಪ ಗೋಡೆಗಳನ್ನು ದಾಟಿ ಹೋಗಬೇಕಾದರೆ ಹಾಟ್‌ಸ್ಪಾಟ್‌ನ ಸೆಟ್ಟಿಂಗಿನಲ್ಲಿ 5 ಗಿಗಾಹರ್ಟ್ಸ್ ಬದಲು 2.4 ಗಿಗಾಹರ್ಟ್ಸ್ ಆಯ್ದುಕೊಳ್ಳಬೇಕು. ಮೊದಲನೆಯದು ವೇಗದ್ದು, ಎರಡನೆಯದು ದೂರದ್ದು.

ಇಷ್ಟೆಲ್ಲ ಪರದಾಟ ಏಕೆ ಬೇಕು ಎಂದು ಕೇಳುವ ಹಿರಿಯ ಸದಸ್ಯರು ಈಗಲೂ ಇದ್ದಾರೆ. ಪಹಣಿ ಬೇಕಾದರೆ ಅಂತರ್ಜಾಲ, ಬೆಳೆ ಸಮೀಕ್ಷೆಗೆ ಅಂತರ್ಜಾಲ, ಅಡಿಕೆ ಕಾಳುಮೆಣಸುಗಳ ಹವಾಮಾನ ಆಧಾರಿತ ವಿಮೆ ನೋಂದಣಿಗೆ ಅಂತರ್ಜಾಲ. ಐರೋಪ್ಯ ಒಕ್ಕೂಟ 2023ರಲ್ಲಿ ತಂದ ಅರಣ್ಯನಾಶ ತಡೆ ನಿಯಮದ ಪ್ರಕಾರ ಅಲ್ಲಿಗೆ ಹೋಗುವ ಕಾಫಿ ಯಾವ ಜಾಗದಲ್ಲಿ ಬೆಳೆದದ್ದೆಂದು ಅಕ್ಷಾಂಶ ರೇಖಾಂಶ ಸಹಿತ ತೋರಿಸಬೇಕು. ನಮ್ಮ ಸಹಕಾರ ಕ್ಷೇತ್ರವನ್ನೇ ತೆಗೆದುಕೊಳ್ಳಿ. 2022ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಲೆಕ್ಕದ ಪುಸ್ತಕವೇ ಜಾಲದೊಳಗೆ ಹೋದ ಮೇಲೆ ಜಾಲವಿಲ್ಲದ ಸಂಘ ಬೀಗದ ಕೈ ಕಳೆದುಕೊಂಡ ಉಗ್ರಾಣದಂತೆ.

ಇನ್ನು ಕೊಡುವವರ ಕಷ್ಟಕ್ಕೆ ಬರೋಣ. "ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ" ಎಂಬ ಗಾದೆ ಹಾಟ್‌ಸ್ಪಾಟ್‌ಗೆ ಹೇಳಿ ಮಾಡಿಸಿದಂತಿದೆ. ದಿನಕ್ಕೆ 1.5 ಅಥವಾ 2 ಜಿಬಿ ಮಿತಿಯ ಯೋಜನೆಗಳು ನಮ್ಮಲ್ಲಿ ಸಾಮಾನ್ಯ. ಅರ್ಜಿ ತುಂಬುವುದಕ್ಕೆ, ಹಣ ಕಳಿಸುವುದಕ್ಕೆ ಕೆಲವೇ ಎಂಬಿ ಸಾಕು. ಆದರೆ ಪಡೆದವನ ಫೋನಿಗೆ ಇದು ಎರವಲು ಸಂಪರ್ಕವೆಂದು ತಾನಾಗಿ ತಿಳಿಯದಿರಬಹುದು. "ವೈ-ಫೈ ಸಿಕ್ಕಿತು" ಎಂದಷ್ಟೇ ಅದರ ಭಾವನೆ. ವೈ-ಫೈ ಸಿಕ್ಕಾಗ ಮಾತ್ರ ಮಾಡಬೇಕೆಂದು ಕಾದಿಟ್ಟ ಕೆಲಸಗಳೆಲ್ಲ, ಎಂದರೆ ಫೋಟೋಗಳನ್ನು ಮೇಲಕ್ಕೆ ಕಳಿಸುವುದು, ಆ್ಯಪ್‌ಗಳನ್ನು ನವೀಕರಿಸುವುದು, ವಾಟ್ಸಾಪಿನ ವಿಡಿಯೊ ಇಳಿಸುವುದು, ಒಟ್ಟಿಗೆ ಆರಂಭವಾಗುತ್ತವೆ. ಲ್ಯಾಪ್‌ಟಾಪಾದರೆ ವಿಂಡೋಸ್‌ನ ನವೀಕರಣವೂ ಜೊತೆಗೆ ಸೇರುತ್ತದೆ. ಕೇಳಿದವನಿಗೆ ಕೆಟ್ಟ ಉದ್ದೇಶವಿರಲಿಲ್ಲ. ಕೊಟ್ಟವನ ಆ ದಿನದ ಡೇಟಾ ಮಾತ್ರ ಹತ್ತು ನಿಮಿಷದಲ್ಲಿ ಖಾಲಿ.

ಮಿತಿ ಮುಗಿದ ಮೇಲೆ ಹಲವು ಯೋಜನೆಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಹಾಗೆಂದರೆ 2 ಎಂಬಿಯ ಒಂದು ಕಾಗದ ಇಳಿಯಲು ನಾಲ್ಕು ನಿಮಿಷಕ್ಕೂ ಹೆಚ್ಚು ಬೇಕು. ಆ ಸಂಜೆ ಕೊಟ್ಟವನ ಮನೆಯ ಮಗುವಿನ ಪಾಠಕ್ಕೆ ಸಂಪರ್ಕವಿಲ್ಲ.

ಇದಕ್ಕೆ ಮದ್ದು ಸುಲಭ. ಪಡೆಯುವವನು ತನ್ನ ಫೋನಿನ ವೈ-ಫೈ ಸೆಟ್ಟಿಂಗಿನಲ್ಲಿ ಆ ಸಂಪರ್ಕವನ್ನು 'ಮೀಟರ್ಡ್', ಎಂದರೆ ಅಳತೆಯದು, ಎಂದು ಗುರುತು ಹಾಕಬೇಕು. ವಿಂಡೋಸ್ ಲ್ಯಾಪ್‌ಟಾಪಿನಲ್ಲೂ ಇದೇ ಗುರುತಿದೆ. ಹಾಕಿದರೆ ದೊಡ್ಡ ಇಳಿಕೆಗಳು ಬಹುಮಟ್ಟಿಗೆ ನಿಲ್ಲುತ್ತವೆ. ಕೇಳಿ ಪಡೆದವನು ಇಷ್ಟು ಮಾಡುವುದು ಮುಯ್ಯಾಳಿನ ಮೊದಲ ಧರ್ಮ. ಕೆಲಸ ಮುಗಿದೊಡನೆ ಹೇಳಿ ಬಿಟ್ಟುಕೊಡುವುದು ಎರಡನೆಯದು. ಆ ಸಂಪರ್ಕದಲ್ಲಿ ಸಿನಿಮಾ ನೋಡದಿರುವುದು ಮೂರನೆಯದು; ಒಳ್ಳೆಯ ಗುಣಮಟ್ಟದ ವಿಡಿಯೊ ಗಂಟೆಗೆ 1 ಜಿಬಿಗೂ ಮೀರಿ ನುಂಗಬಲ್ಲದು.

ಕೊಡುವವರ ಜವಾಬ್ದಾರಿ ಇದಕ್ಕಿಂತ ದೊಡ್ಡದು. ಹಾಟ್‌ಸ್ಪಾಟ್ ಮೂಲಕ ಎಷ್ಟು ಜನ ಏನೇ ಮಾಡಿದರೂ ಹೊರಗಿನ ಜಗತ್ತಿಗೆ ಅದೆಲ್ಲ ಒಂದೇ ಫೋನಿನಿಂದ ಬಂದಂತೆ ಕಾಣುತ್ತದೆ. ಆ ಸಿಮ್ ಯಾರ ಹೆಸರಿನಲ್ಲಿದೆಯೋ ವಿಚಾರಣೆ ಮೊದಲು ಬರುವುದು ಅವರ ಬಾಗಿಲಿಗೆ. ಇದು ಹೆದರಿಸುವ ಮಾತಲ್ಲ. 2008ರ ಜುಲೈ 26ರಂದು ಅಹಮದಾಬಾದಿನ ಸರಣಿ ಸ್ಫೋಟಕ್ಕೆ ಮುನ್ನ ಬಂದ ಬೆದರಿಕೆಯ ಇ-ಮೇಲಿನ ಜಾಡು ಹಿಡಿದು ಪೊಲೀಸರು ಹೋದದ್ದು ನವಿ ಮುಂಬಯಿಯಲ್ಲಿ ವಾಸವಿದ್ದ ಒಬ್ಬ ಅಮೆರಿಕನ್ನನ ಮನೆಗೆ. ಆತನ ಮನೆಯ ವೈ-ಫೈಯನ್ನು ಯಾರೋ ಹೊರಗಿನಿಂದ ಬಳಸಿಕೊಂಡಿದ್ದರು. ತಪ್ಪು ಮಾಡದವನು ವಿಚಾರಣೆಗೆ ಒಳಗಾಗಬೇಕಾಯಿತು. ಆದ್ದರಿಂದ ಪಾಸ್‌ವರ್ಡ್ ಇಲ್ಲದ ಹಾಟ್‌ಸ್ಪಾಟ್ ಇಡಲೇಬಾರದು. ಕನಿಷ್ಠ ಎಂಟು ಅಕ್ಷರ ಬೇಕೆಂದು ಫೋನೇ ಕೇಳುತ್ತದೆ. 12345678 ಎಂದು ಹಾಕಿದರೆ ಅದು ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಮೊಳೆಗೆ ನೇತುಹಾಕಿದಂತೆ. ಹಬ್ಬಕ್ಕೋ ಮದುವೆಗೋ ಊರವರಿಗೆಲ್ಲ ಕೊಟ್ಟ ಮೇಲೆ ಪಾಸ್‌ವರ್ಡ್ ಬದಲಿಸಬೇಕು. ಯಾರ್‍ಯಾರ ಉಪಕರಣ ಸೇರಿದೆ ಎಂಬುದನ್ನು ಫೋನು ತೋರಿಸುತ್ತದೆ, ಆಗಾಗ ನೋಡಬೇಕು. ಪಡೆಯುವವರಿಗೂ ಒಂದು ಮಾತು: ಬಸ್ ನಿಲ್ದಾಣದಲ್ಲಿ ಹೆಸರು ಗೊತ್ತಿಲ್ಲದ ಹಾಟ್‌ಸ್ಪಾಟ್ ಪುಕ್ಕಟೆ ಸಿಕ್ಕಿತೆಂದು ಬ್ಯಾಂಕಿನ ವ್ಯವಹಾರ ಮಾಡಬೇಡಿ.

ಇಷ್ಟು ವ್ಯಕ್ತಿ ವ್ಯಕ್ತಿಗಳ ನಡುವಿನ ಮಾತು. ಸಂಘ ಸಂಸ್ಥೆಗಳ ಮಾತು ಬಂದಾಗ ನಮ್ಮ ಧೋರಣೆ ಬೇರೆ. ಮಲೆನಾಡಿನ ಅನೇಕ ಕಚೇರಿಗಳಲ್ಲಿ ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ಕಡಿದರೆ ಆ ದಿನದ ಕೆಲಸ ನಡೆಯುವುದು ಗುಮಾಸ್ತರ ಸ್ವಂತ ಫೋನಿನಿಂದ. ವಿಮೆಯ ಕೊನೆಯ ದಿನ ಸಾಲು ನಿಂತ ರೈತರ ಅರ್ಜಿಗಳೆಲ್ಲ ಒಬ್ಬ ಹುಡುಗಿಯ ಹಾಟ್‌ಸ್ಪಾಟ್‌ನಿಂದ ಹೋಗುತ್ತವೆ. ಆಕೆಯ ಡೇಟಾ ಮುಗಿದರೆ ಇನ್ನೊಬ್ಬರದು. ಇದನ್ನು ಸೇವಾಮನೋಭಾವವೆಂದು ಹೊಗಳಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಕಚೇರಿಗೆ ಬೇಕಾದ ಕಾಗದ ಶಾಯಿಯನ್ನು ನೌಕರರ ಸಂಬಳದಿಂದ ತರಿಸುವುದಿಲ್ಲ ಎಂದಾದರೆ ಅಂತರ್ಜಾಲವನ್ನು ಮಾತ್ರ ಏಕೆ ತರಿಸಬೇಕು? ಅದಕ್ಕಿಂತ ಮುಖ್ಯವಾಗಿ, ಸದಸ್ಯರ ಸಾಲ, ಠೇವಣಿ, ಆಧಾರ್ ವಿವರಗಳು ಒಬ್ಬರ ಖಾಸಗಿ ಫೋನನ್ನು ನೆಚ್ಚಿಕೊಂಡು ಓಡಾಡುವುದು ಆ ನೌಕರರಿಗೂ ಹಿತವಲ್ಲ, ಸದಸ್ಯರಿಗೂ ಹಿತವಲ್ಲ. ನಾಳೆ ಏನಾದರೂ ಎಡವಟ್ಟಾದರೆ ಉತ್ತರ ಹೇಳಬೇಕಾದವರು ಯಾರು?

ಇನ್ನೊಂದು ಸಂಗತಿಯನ್ನು ತೋಟದ ಮಾಲೀಕರ ಮುಂದೆ ಇಡಬಯಸುತ್ತೇವೆ. ಮನೆಗೆ ಫೈಬರ್ ಎಳೆಸಿಕೊಂಡ ತೋಟಗಳು ಈಗ ಕಡಿಮೆಯೇನಿಲ್ಲ. ಕೂಗಳತೆಯ ಲೈನ್ ಮನೆಗಳಲ್ಲಿ ಮಾತ್ರ ಸಿಗ್ನಲ್ ಇಲ್ಲ. ಕಾರ್ಮಿಕರ ಕೂಲಿ ಬ್ಯಾಂಕಿಗೆ ಹೋಗುತ್ತದೆ, ಅಸ್ಸಾಮಿನಿಂದ ಬಂದವನು ಊರಿಗೆ ಹಣ ಕಳಿಸಬೇಕು, ಮಕ್ಕಳಿಗೆ ಪಾಠವಿದೆ. ಸಂಜೆ ಒಂದು ಗಂಟೆ ಕಾಫಿ ಕಣದ ಬಳಿ ರೈಟರ ಫೋನಿನಿಂದಲೋ ಮನೆಯ ವೈ-ಫೈನಿಂದಲೋ ಸಂಪರ್ಕ ಕೊಟ್ಟರೆ ಮಾಲೀಕರಿಗಾಗುವ ನಷ್ಟ ಅತ್ಯಲ್ಪ. ಪಿ.ಪಿ. ನಂಬರಿನ ಕಾಲದಲ್ಲಿ ಮೇಸ್ತ್ರಿಯ ಊರಿನಿಂದ ಸಾವಿನ ಸುದ್ದಿ ಬಂದರೆ ರಾತ್ರಿ ಎದ್ದು ಹೇಳಿಕಳಿಸುತ್ತಿದ್ದ ಮನೆಗಳು ನಮ್ಮವು. ಆ ದೊಡ್ಡತನ ಫೈಬರಿನ ಕಾಲಕ್ಕೆ ಕುಗ್ಗಬಾರದು.

ಕೊನೆಗೆ ಒಂದು ಎಚ್ಚರಿಕೆ. ಹಾಟ್‌ಸ್ಪಾಟ್ ಇದ್ದದ್ದನ್ನು ಹಂಚುತ್ತದೆಯೇ ಹೊರತು ಇಲ್ಲದ್ದನ್ನು ಹುಟ್ಟಿಸುವುದಿಲ್ಲ. ಎರಡು ದಿನ ಕರೆಂಟು ಹೋಗಿ ಟವರಿನ ಬ್ಯಾಟರಿಯೇ ಮುಗಿದರೆ ಯಾರ ಫೋನಿನಲ್ಲೂ ಹಂಚಲು ಏನೂ ಇರುವುದಿಲ್ಲ. ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ 4ಜಿ ಮುಟ್ಟಿಸಲು 26,316 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ 2022ರ ಜುಲೈನಲ್ಲಿ ಮಂಜೂರಾತಿ ಕೊಟ್ಟಿತು. ನಮ್ಮ ಮೂಲೆಯ ಊರುಗಳ ಪಾಲನ್ನು ಕೇಳಿ ಪಡೆಯುವ ಕೆಲಸ ನಿಲ್ಲಬಾರದು. "ಹೇಗೋ ನಡೆಯುತ್ತಿದೆಯಲ್ಲ" ಎಂಬ ತೃಪ್ತಿಯೇ ಮಲೆನಾಡಿನ ಹಳೆಯ ಶತ್ರು. ಕಾಲುಸಂಕ ಇದೆಯಲ್ಲ ಎಂದು ಸೇತುವೆ ಕೇಳದೆ ಕುಳಿತ ಊರುಗಳನ್ನು ನಾವು ಕಂಡಿದ್ದೇವೆ.

ಆದ್ದರಿಂದ ಮುಂದಿನ ಮಹಾಸಭೆಯ ಮುಂದೆ ಮೂರು ಸಲಹೆಗಳನ್ನು ಇಡುತ್ತಿದ್ದೇವೆ. ಒಂದು, ಸಂಘದ ಹೆಸರಿನಲ್ಲೇ ಬೇರೆ ಬೇರೆ ಕಂಪನಿಯ ಎರಡು ಸಿಮ್, ಒಂದು ಸಿಮ್ ರೂಟರ್, ಅದಕ್ಕೊಂದು ಬ್ಯಾಟರಿ. ಕೇಬಲ್ ಕಡಿದ ದಿನ ಕಚೇರಿಯ ಕೆಲಸ ನಡೆಯಬೇಕಾದುದು ಇದರಿಂದ. ಎರಡು, ಅನಿವಾರ್ಯವಾಗಿ ನೌಕರರ ಫೋನನ್ನು ಬಳಸಿದ ದಿನ ಅದನ್ನು ದಾಖಲೆ ಪುಸ್ತಕದಲ್ಲಿ ಬರೆದು ಆ ತಿಂಗಳ ರೀಚಾರ್ಜ್ ವೆಚ್ಚವನ್ನು ಸಂಘವೇ ಭರಿಸುವುದು. ಮೂರು, ಕಾಫಿ ಕೊಯ್ಲು ಮುಗಿದ ಬಿಡುವಿನಲ್ಲಿ ಊರೂರಿನ ಯುವಕ ಯುವತಿಯರಿಂದ ಹಿರಿಯ ಸದಸ್ಯರಿಗೆ ಹಾಟ್‌ಸ್ಪಾಟ್ ಕೊಡುವ, ಪಡೆಯುವ, ಬಂದ್ ಮಾಡುವ ಕ್ರಮವನ್ನು ಒಂದು ಮಧ್ಯಾಹ್ನ ಕಲಿಸುವುದು.

ಖರ್ಚು ಕೆಲವೇ ಸಾವಿರ. ಸದಸ್ಯ ಬಾಂಧವರು ಇದನ್ನು ಒಪ್ಪಬಹುದು, ತಿದ್ದಬಹುದು, ಬೇಡವೆನ್ನಲೂಬಹುದು. ಯಾವುದಾದರೂ ಸರಿ, ಕಾರಣ ಸಹಿತ ಬರೆದು ಮಹಾಸಭೆಗೆ ಎಂಟು ದಿನ ಮುಂಚಿತವಾಗಿ ಕಚೇರಿಗೆ ತಲುಪಿಸಬೇಕೆಂದು ಕೋರುತ್ತೇವೆ.