ಕಡಲು ಎಲ್ಲರದು, ದಾರಿ ಯಾರದು?

ಮಳೆಗಾಲ ಮುಗಿದ ಮೇಲಿನ ಒಂದು ಭಾನುವಾರ ಸಂಜೆ, ಊರಿನಿಂದ ಬಂದಿದ್ದ ತಾಯಿಯವರನ್ನು ಕರೆದುಕೊಂಡು ನಾವು ಖಾಡಿಯ ದಡದ ಒಂದು ಜೆಟ್ಟಿಗೆ ಹೋಗಿದ್ದೆವು. ಉತ್ತರ ಕನ್ನಡದ ಕರಾವಳಿಯಲ್ಲಿ ಹುಟ್ಟಿ ಬೆಳೆದ ಅವರಿಗೆ ಡೊಂಬಿವಲಿಯ ನಾಲ್ಕನೆಯ ಮಹಡಿಯಲ್ಲಿ ಎಲ್ಲವೂ ಇತ್ತು, ನೀರಿನ ಸಪ್ಪಳವೊಂದನ್ನುಳಿದು. ಜೆಟ್ಟಿಯ ಮುಂದಿನ ಬಯಲಿಗೆ ಸರಪಳಿ ಬಿದ್ದಿತ್ತು. ಹಿಂದೆ ಯಾರು ಬೇಕಾದರೂ ಗಾಡಿ ನಿಲ್ಲಿಸುತ್ತಿದ್ದ ಜಾಗದಲ್ಲಿ ರಸೀದಿ ಪುಸ್ತಕ ಹಿಡಿದ ಹುಡುಗನೊಬ್ಬ ಕುಳಿತಿದ್ದ. ನಾವು ಪರ್ಸು ತೆಗೆಯುವುದನ್ನು ಕಂಡು ತಾಯಿಯವರು, "ನೀರು ನೋಡೂಕೂ ದುಡ್ಡು ಕೊಡಬೇಕಾ?" ಎಂದರು.

ಕೊಟ್ಟ ಮೊತ್ತ ದೊಡ್ಡದಾಗಿರಲಿಲ್ಲ. ಆದರೆ ಆ ಪ್ರಶ್ನೆ ಮನೆಯವರೆಗೂ ನಮ್ಮೊಡನೆ ಬಂತು.

ಅದು ಹೊಸ ಪ್ರಶ್ನೆಯೇನಲ್ಲ. ಗಾಳಿ, ಹರಿಯುವ ನೀರು, ಸಮುದ್ರ ಮತ್ತು ಸಮುದ್ರತೀರ ಎಲ್ಲರಿಗೂ ಸಮಾನವೆಂದು ಆರನೆಯ ಶತಮಾನದಲ್ಲೇ ರೋಮಿನ ಚಕ್ರವರ್ತಿ ಜಸ್ಟಿನಿಯನ್ನನ ಕಾಲದ ಸಂಹಿತೆ ಸಾರಿತ್ತು. 1996ರಲ್ಲಿ ಬಿಯಾಸ್ ನದಿದಡದ ರೆಸಾರ್ಟೊಂದರ ಪ್ರಕರಣದಲ್ಲಿ, ಎಂ.ಸಿ. ಮೆಹ್ತಾ ಮತ್ತು ಕಮಲನಾಥ್ ನಡುವಿನ ವ್ಯಾಜ್ಯದ ತೀರ್ಪಿನಲ್ಲಿ, ನಮ್ಮ ಸರ್ವೋಚ್ಚ ನ್ಯಾಯಾಲಯ ಅದೇ ತತ್ತ್ವವನ್ನು ಎತ್ತಿಹಿಡಿಯಿತು: ಇಂಥ ಸಂಪತ್ತಿಗೆ ಸರ್ಕಾರ ಒಡೆಯನಲ್ಲ, ಧರ್ಮದರ್ಶಿ. ಅದಕ್ಕೂ ಮೊದಲು, 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು, ಕಡಲತೀರದ ಎರಡು ಹೋಟೆಲುಗಳ ನಡುವೆ ಜನರು ನೀರಿಗೆ ಹೋಗಲು ಕನಿಷ್ಠ 20 ಮೀಟರ್ ಅಗಲದ ಜಾಗ ಬಿಡಬೇಕೆಂದು ವಿಧಿಸಿತ್ತು. ತೀರ ಎಲ್ಲರದು ಎಂದರೆ ಸಾಲದು, ತೀರಕ್ಕೆ ಹೋಗುವ ದಾರಿಯೂ ಬೇಕು ಎಂಬ ವಿವೇಕ ಆ 20 ಮೀಟರಿನಲ್ಲಿದೆ.

ಇಂದು ಆ ದಾರಿ ಗಾಡಿ ನಿಲ್ಲಿಸುವ ಜಾಗದಿಂದ ಆರಂಭವಾಗುತ್ತದೆ. ಡೊಂಬಿವಲಿ ಪೂರ್ವದ ಮುದುಕಿಯೊಬ್ಬಳು ರೈಲುಹಳಿ ದಾಟಿ ಪಶ್ಚಿಮದ ಮೋಠಾಗಾಂವ್ ರೇತಿಬಂದರಿಗೆ ನಡೆದು ಹೋಗಲಾರಳು. ಮಗನ ಸ್ಕೂಟರೋ ರಿಕ್ಷಾವೋ ಬೇಕು. ಅದು ನಿಲ್ಲಲು ಎಡೆಯಿಲ್ಲವೆಂದರೆ ಖಾಡಿ ಇದ್ದೂ ಇಲ್ಲದಂತೆ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎನ್ನುವ ಗಾದೆ ಇಲ್ಲಿ ಅಕ್ಷರಶಃ ನಿಜ.

ನಾವು ನೆಲೆಸಿರುವ ಊರುಗಳನ್ನು ಬೆಳೆಸಿದ್ದೇ ಈ ನೀರು. ಕಲ್ಯಾಣವೆಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಬಸವಣ್ಣನವರ ಕಲ್ಯಾಣ. ಉಲ್ಹಾಸ್ ನದಿಯ ದಡದ ಈ ಕಲ್ಯಾಣವೋ, ಎರಡು ಸಾವಿರ ವರ್ಷಗಳ ಹಿಂದಿನ ಗ್ರೀಕ್ ನಾವಿಕನ ಬರಹದಲ್ಲೇ ಬಂದರಾಗಿ ಕಾಣಿಸಿಕೊಂಡದ್ದು. 1657ರಲ್ಲಿ ಇದನ್ನು ಗೆದ್ದ ಶಿವಾಜಿ ಮಹಾರಾಜರು ಹಡಗು ಕಟ್ಟಿಸಿದ್ದೂ ಈ ಖಾಡಿಯಲ್ಲೇ. ರೇತಿಬಂದರು ಎಂಬ ಹೆಸರಿನಲ್ಲಿ ಮರಳು ತುಂಬಿದ ದೋಣಿಗಳ ನೆನಪಿದೆ. ವಾಶಿಯ ಸಾಗರ ವಿಹಾರದಲ್ಲಿ ನಡಿಗೆಯವರು, ದಿವಾಳೆಯಲ್ಲಿ ಮೀನಿನ ಬುಟ್ಟಿಗಳು, ದುರ್ಗಾಡಿಯ ಗಣೇಶ ಘಾಟಿನಲ್ಲಿ ವಿಸರ್ಜನೆಯ ಜನಸಾಗರ. ಇವೆಲ್ಲ ನೀರಿನ ನಿತ್ಯದ ಬಳಕೆಗಳು.

ಈಗ ಈ ನೀರಿಗೆ ಮತ್ತೆ ಬೆಲೆ ಬಂದಿದೆ. 2016ರ ರಾಷ್ಟ್ರೀಯ ಜಲಮಾರ್ಗ ಕಾಯಿದೆಯಲ್ಲಿ ಕಲ್ಯಾಣ್-ಥಾಣೆ-ಮುಂಬಯಿ ಮಾರ್ಗ 53ನೆಯ ಸಂಖ್ಯೆ ಪಡೆಯಿತು. ವಸಯಿ, ಮೀರಾ-ಭಾಯಂದರ್, ಕೋಲ್‌ಶೇತ್, ಡೊಂಬಿವಲಿಗಳಲ್ಲಿ ಜೆಟ್ಟಿಗಳ ಯೋಜನೆ ಸಿದ್ಧವಾಯಿತು. 2022ರ ಫೆಬ್ರವರಿಯಲ್ಲಿ ಬೇಲಾಪುರದಿಂದ ವಾಟರ್ ಟ್ಯಾಕ್ಸಿ ಉದ್ಘಾಟನೆಯಾಯಿತು. ಅದೇ ವರ್ಷ ರಾಜಹಂಸಗಳ ಥಾಣೆ ಖಾಡಿ ರಾಮ್ಸಾರ್ ಪಟ್ಟಿಗೆ ಸೇರಿತು. ಲೋಕಲ್ ರೈಲಿನ ಬಾಗಿಲಲ್ಲಿ ಜೋತಾಡಿ ಅರ್ಧ ಆಯುಷ್ಯ ಕಳೆದ ನಾವು ದೋಣಿಗಳು ಬರಲೆಂದು ಮನಸಾರೆ ಹಾರೈಸುತ್ತೇವೆ. ಆದರೆ ಜೆಟ್ಟಿ ಎದ್ದೊಡನೆ ಅದರ ಮುಂದಿನ ಬಯಲಿನ ಮೇಲೆ ಗುತ್ತಿಗೆಯ ಕಣ್ಣು ಬೀಳುತ್ತದೆ. ನಮ್ಮ ಆತಂಕ ಅಲ್ಲಿಯದು.

ಇದಕ್ಕೆ ಎದುರಾಗಿ ಎರಡು ನ್ಯಾಯವಾದ ಮಾತುಗಳಿವೆ. ವಾಹನವಿದ್ದವರಿಗೆ ವಾಹನವಿಲ್ಲದವರ ತೆರಿಗೆಯಿಂದ ಜಾಗ ಏಕೆ ಕೊಡಬೇಕು ಎಂಬುದು ಒಂದು. ಉಚಿತವೆಂದರೆ ಬೆಳಿಗ್ಗೆ ಎಂಟಕ್ಕೇ ಕಚೇರಿಗೆ ಹೋಗುವವರ ಕಾರುಗಳು ತುಂಬಿ, ಸಂಜೆ ಬಂದವನಿಗೆ ಏನೂ ಉಳಿಯದು ಎಂಬುದು ಇನ್ನೊಂದು. ಎರಡನ್ನೂ ನಾವು ಒಪ್ಪುತ್ತೇವೆ. ಆದ್ದರಿಂದಲೇ ದಿನವಿಡೀ ಉಚಿತವೆಂದು ನಾವು ಕೇಳುತ್ತಿಲ್ಲ. ಮೊದಲ ಮೂರು ಗಂಟೆ ಎಲ್ಲರಿಗೂ ಉಚಿತವಿರಲಿ. ಆಮೇಲೆ ಶುಲ್ಕ ಏರುತ್ತ ಹೋಗಲಿ. ದ್ವಿಚಕ್ರ ವಾಹನಗಳಿಗೂ ರಿಕ್ಷಾಗಳಿಗೂ ನೀರಿಗೆ ಹತ್ತಿರದ ಜಾಗ ಸಿಗಲಿ. ಕೋಳಿ ಬಂಧುಗಳ ಮೀನಿನ ಟೆಂಪೋಗಳಿಗೆ ಹೊತ್ತಿನ ಮಿತಿ ಬೇಡ. ನಡೆದು ಬರುವವರಿಗೆ, ಬಸ್ಸಿನಿಂದ ಇಳಿಯುವವರಿಗೆ ಗೇಟಿಲ್ಲದ ಕಾಲುದಾರಿ ಇರಲಿ. ಇವೆಲ್ಲ ಟೆಂಡರಿನ ಷರತ್ತಿನಲ್ಲೇ ಬರಹದಲ್ಲಿರಬೇಕು. ಸರ್ಕಾರಿ ಕಡತಗಳ ನಡುವೆ ಇಪ್ಪತ್ತು ವರ್ಷ ಕಳೆದ ನಮಗೆ ಒಂದು ಗೊತ್ತು: ಟೆಂಡರಿನಲ್ಲಿ ಇಲ್ಲದ್ದು ಆಮೇಲೆ ದಕ್ಕುವುದಿಲ್ಲ.

ಹಣಕ್ಕಿಂತ ದೊಡ್ಡದೊಂದು ಇಲ್ಲಿ ಪಣಕ್ಕಿದೆ. ಅದನ್ನು ನಮಗೆ ಕಲಿಸಿದ್ದು ಕಾರವಾರ. ಸೀಬರ್ಡ್ ನೌಕಾನೆಲೆಗಾಗಿ ಆ ಭಾಗದ ಜನ ಊರು, ಗದ್ದೆ, ಕಡಲತೀರಗಳನ್ನು ಬಿಟ್ಟುಕೊಟ್ಟರು. ದೇಶದ ರಕ್ಷಣೆಯ ಕಾರ್ಯವದು, ಅದರ ಬಗ್ಗೆ ತಕರಾರಿಲ್ಲ. ನಗರದ ಮಡಿಲಲ್ಲಿ ಉಳಿದದ್ದು ರವೀಂದ್ರನಾಥ ಟಾಗೋರ್ ತೀರ. ವಾಣಿಜ್ಯ ಬಂದರಿನ ವಿಸ್ತರಣೆ ಅದನ್ನೂ ನುಂಗೀತೆಂಬ ಭಯ ಹುಟ್ಟಿದಾಗ, 2020ರ ಜನವರಿಯಲ್ಲಿ ಮೀನುಗಾರರೊಂದಿಗೆ ನಗರವೂ ಬೀದಿಗಿಳಿಯಿತು. ಸಂಜೆಯಾದರೆ ಮಕ್ಕಳೊಡನೆ ಅಲ್ಲಿಗೆ ಹೋಗಿ ಕೂರುವುದು ಆ ಊರಿನ ರೂಢಿ. ಹೋಗಿ ಬರುವ ರೂಢಿಯಿರುವ ತೀರವನ್ನಷ್ಟೇ ಜನ ಕಾಯುತ್ತಾರೆ. ರಸೀದಿಯ ಪುಸ್ತಕ ಮೊದಲು ಕತ್ತರಿಸುವುದು ಈ ರೂಢಿಯನ್ನು. ವಾರಕ್ಕೆರಡು ಸಲ ಹೋಗುತ್ತಿದ್ದವನು ತಿಂಗಳಿಗೊಮ್ಮೆ ಹೋಗುತ್ತಾನೆ, ಆಮೇಲೆ ಮರೆಯುತ್ತಾನೆ. ನಾಳೆ ಅದೇ ದಡದಲ್ಲಿ ಗೋಡೆ ಎದ್ದರೆ, ಕಾಂಡ್ಲಾ ಕಾಡು ಕಡಿದರೆ, ಕೇಳಲು ಯಾರೂ ಉಳಿದಿರುವುದಿಲ್ಲ.

ಇದು ನಮ್ಮ ಊರಲ್ಲ, ನಮಗೇಕೆ ಎಂಬ ಮಾತು ನಮ್ಮ ಕನ್ನಡ ಕೂಟಗಳಲ್ಲಿ ಆಗಾಗ ಕೇಳಿಬರುತ್ತದೆ. ಮೂವತ್ತು ವರ್ಷ ನೀರು ಕುಡಿದ ಊರು ನಮ್ಮದಲ್ಲದೆ ಇನ್ನಾರದು? ಜೆಟ್ಟಿಯ ಯೋಜನೆಗೆ ಸಲಹೆ-ಆಕ್ಷೇಪಣೆಗಳನ್ನು ಕರೆದಾಗ, ಮರಾಠಿಯಲ್ಲಿ ಒಂದು ಪುಟದ ಪತ್ರ ಬರೆಯುವುದು ನಮ್ಮಲ್ಲಿ ಯಾರಿಗೂ ಕಷ್ಟವಲ್ಲ. ನೆರೆಯ ಕೋಳಿವಾಡದವರ ಸಹಿಯೊಡನೆ ನಮ್ಮ ಸಹಿಯೂ ಇದ್ದರೆ ಪತ್ರದ ತೂಕ ಹೆಚ್ಚುತ್ತದೆ.

ಆ ಸಂಜೆ ತಾಯಿಯವರು ಭರತ ಏರುವವರೆಗೂ ಕಲ್ಲಿನ ಮೇಲೆ ಕುಳಿತೇ ಇದ್ದರು. ಹೊರಡುವಾಗ, ಮುಂದಿನ ಭಾನುವಾರವೂ ಬರೋಣವೇ ಎಂದು ನಾವು ಕೇಳಿದೆವು. "ಬೇಡ ಬಿಡು, ಸುಮ್ಮನೆ ಖರ್ಚು" ಎಂದರು.