ಅವಿಭಾಜ್ಯ ಸಂಖ್ಯೆಯೂ ವಿದ್ಯಾಭ್ಯಾಸದ ವಿವೇಕವೂ

ಒಂದಕ್ಕಿಂತ ದೊಡ್ಡದಾಗಿದ್ದು, ಒಂದರಿಂದಲೂ ತನ್ನಿಂದಲೂ ಹೊರತು ಮತ್ತಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆಗೆ ಅವಿಭಾಜ್ಯವೆಂದು ಹೆಸರು. ಬಿಣಗಾದ ಕಡಲತಡಿಯ ಮಕ್ಕಳಿಗೆ ಇದನ್ನು ಚಿಪ್ಪುಗಳಿಂದಲೇ ತೋರಿಸಬಹುದು. ಹನ್ನೆರಡು ಚಿಪ್ಪುಗಳನ್ನು ನಾಲ್ಕು ನಾಲ್ಕರಂತೆ ಮೂರು ಸಾಲಾಗಿ ಜೋಡಿಸಬಹುದು. ಹದಿಮೂರನ್ನು ಸಮನಾಗಿ ಇಡಬೇಕಾದರೆ ಒಂದೇ ಸಾಲಲ್ಲದೆ ಗತ್ಯಂತರವಿಲ್ಲ.

ಚದುರಂಗದ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಇಮ್ಮಡಿಸುತ್ತ ಹೋಗುವ ಕಥೆ ಸರ್ವವಿದಿತ. ಮೂವತ್ತೊಂದು ಮನೆಗಳ ಕಾಳನ್ನು ಕೂಡಿಸಿದರೆ ಮೊತ್ತ 2,14,74,83,647. ಪಂಕ್ತಿಯಲ್ಲಿ ಕುಳಿತವರು ಇಬ್ಬರಿರಲಿ, ಇಪ್ಪತ್ತು ಸಾವಿರ ಮಂದಿಯಿರಲಿ, ಈ ರಾಶಿಯನ್ನು ಒಂದು ಕಾಳೂ ಉಳಿಯದಂತೆ ಅವರಿಗೆ ಸಮನಾಗಿ ಹಂಚಲಾಗದು. ಏಕೆಂದರೆ ಇದು ಅವಿಭಾಜ್ಯ.

ಹಾಗೆಂದು ನಂಬುವುದೆಂತು? ಎರಡು, ಮೂರು, ಐದು, ಏಳು ಮನೆಗಳ ಮೊತ್ತಗಳು ಕ್ರಮವಾಗಿ 3, 7, 31, 127, ಎಲ್ಲವೂ ಅವಿಭಾಜ್ಯಗಳೇ. ಮನೆಗಳ ಎಣಿಕೆ ಅವಿಭಾಜ್ಯವಾದರೆ ಮೊತ್ತವೂ ಅವಿಭಾಜ್ಯವೆಂದು ಅವಸರದ ಬುದ್ಧಿ ತೀರ್ಮಾನಿಸುತ್ತದೆ. ಆದರೆ ಹನ್ನೊಂದು ಮನೆಗಳ ಮೊತ್ತವಾದ 2047 ಎಂಬುದು 23 ಮತ್ತು 89ರ ಗುಣಲಬ್ಧ! ನಾಲ್ಕು ಉದಾಹರಣೆಗಳು ಸಿದ್ಧಾಂತವಾಗಲಾರವು.

ಮೂವತ್ತೊಂದು ಮನೆಗಳ ಮೊತ್ತವು ಅವಿಭಾಜ್ಯವೆಂದು ಸ್ಥಾಪಿಸಿದವನು ಆಯ್ಲರ್ ಎಂಬ ಗಣಿತಜ್ಞ. 1772ರಲ್ಲಿ ಅದನ್ನು ಪತ್ರಮುಖೇನ ತಿಳಿಸಿದಾಗ ಅವನು ಬಹುಮಟ್ಟಿಗೆ ದೃಷ್ಟಿಯನ್ನೇ ಕಳೆದುಕೊಂಡಿದ್ದನು. ಈ ಸಂಖ್ಯೆಗೆ ಭಾಜಕವಿದ್ದರೆ ಒಂದಾದರೂ 46,340ರ ಒಳಗೇ ಇರಬೇಕು. ಅಂಥ ಭಾಜಕವನ್ನು 248ರಿಂದ ಭಾಗಿಸಿದಾಗ ಶೇಷವು 1 ಅಥವಾ 63 ಆಗಿಯೇ ತೀರಬೇಕೆಂದು ತರ್ಕದಿಂದ ಕಂಡಾಗ, ಪರೀಕ್ಷಿಸಬೇಕಾದ ಸಂಖ್ಯೆಗಳು 372ನ್ನು ಮೀರಲಿಲ್ಲ. ಕಣ್ಣು ಕಾಣದ ಕಡೆಗೆ ಯುಕ್ತಿ ದಾರಿ ತೋರಿತು.

ಇಂದು ಶಾಲೆಗಳಿಗೆ ಗಣಕಯಂತ್ರಗಳನ್ನು ನೀಡುವ ದಾನಿಗಳ ಔದಾರ್ಯ ಸ್ತುತ್ಯವಾದುದು. 2024ರ ಅಕ್ಟೋಬರಿನಲ್ಲಿ ಯಂತ್ರಗಳ ನೆರವಿನಿಂದಲೇ ಇದೇ ಜಾತಿಯ, 4,10,24,320 ಅಂಕೆಗಳುಳ್ಳ ಅವಿಭಾಜ್ಯ ಸಂಖ್ಯೆಯೊಂದು ದೊರೆಯಿತು. ಆದರೆ ಅದನ್ನು ಸ್ಥಿರಪಡಿಸಿದ ಪರೀಕ್ಷೆ ಲೂಕಾ ಮತ್ತು ಲೆಹ್ಮರ್ ಎಂಬ ಮನುಷ್ಯರ ಚಿಂತನೆಯ ಫಲ. ಯಂತ್ರ ಎಣಿಸಬಲ್ಲುದು, ಏನನ್ನು, ಏಕೆ ಎಣಿಸಬೇಕೆಂಬ ವಿವೇಕ ವಿದ್ಯಾರ್ಥಿಯಲ್ಲಿ ಮೂಡಬೇಕು. ಸರಿಯುತ್ತರಕ್ಕೆ ಮಾತ್ರ ಅಂಕ ಕೊಟ್ಟು, ‘ಏಕೆ?’ ಎಂಬ ಪ್ರಶ್ನೆಯನ್ನು ಪಾಠ ಮುಗಿಸುವ ಆತುರದಲ್ಲಿ ಬದಿಗೊತ್ತುವ ಬೋಧನೆಯಿಂದ ಇದು ಸಾಧ್ಯವಿಲ್ಲ.

ಗಣಿತದಲ್ಲಿ ಭಾಷಾಪಂಡಿತನಿಗೇನು ಕೆಲಸವೆಂದು ಕೆಲವರು ಕೇಳಬಹುದು. ಹನ್ನೆರಡನೆಯ ಶತಮಾನದಲ್ಲೇ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ರಚಿಸಿದನು. ಲೆಕ್ಕವನ್ನು ಹೊತ್ತ ನುಡಿ ಕಾರಣವನ್ನೂ ಹೊರಬಲ್ಲುದು. ಮಗು ತಾನು ಮಾಡಿದ ಲೆಕ್ಕದ ಹೆಜ್ಜೆಗಳನ್ನು ತನ್ನ ಮಾತಿನಲ್ಲಿ ವಿವರಿಸುವಂತಾಗಲಿ. ಅದಕ್ಕೆ ಅವಕಾಶ ಕೊಡುವ ತಾಳ್ಮೆ ಅಧ್ಯಾಪಕರಲ್ಲಿರಲಿ. ಯಂತ್ರದೊಡನೆ ಒಳ್ಳೆಯ ಗಣಿತಗ್ರಂಥಗಳನ್ನೂ ಒದಗಿಸುವ ಮನಸ್ಸು ದಾನಿಗಳಲ್ಲೂ ಹಳೆಯ ವಿದ್ಯಾರ್ಥಿಗಳಲ್ಲೂ ಮೂಡಲಿ. ಉತ್ತರ ಪರೀಕ್ಷೆಯ ದಿನಕ್ಕೆ ಸಾಕು. ಕಾರಣವನ್ನು ಅರಿತ ಬುದ್ಧಿ ಬಾಳಿನುದ್ದಕ್ಕೂ ಒದಗುತ್ತದೆ.