ಪ್ರಿಂಟರ್ ಏಕೆ ಬಾಗಿಲು ತಟ್ಟುತ್ತದೆ?

ನಾಳೆ ಬೆಳಿಗ್ಗೆ ಪ್ರಾಜೆಕ್ಟ್ ವರದಿಯನ್ನು ಕಾಲೇಜಿಗೆ ಒಪ್ಪಿಸಬೇಕು. ರಾತ್ರಿ ಪ್ರಿಂಟ್ ತೆಗೆಯಲು ಕುಳಿತರೆ ಪ್ರಿಂಟರ್‌ನ ತಂತ್ರಾಂಶ ಆಗಷ್ಟೇ ಹೊಸ ಆವೃತ್ತಿಗೆ ಬದಲಾಗಿದೆ. ಪರದೆಯ ಮೇಲೆ ಒಂದು ಎಚ್ಚರಿಕೆ: ಈ ಪ್ರೋಗ್ರಾಮಿನ ಕೆಲವು ಸೌಲಭ್ಯಗಳನ್ನು ಫೈರ್‌ವಾಲ್ ತಡೆದಿದೆ, ಅನುಮತಿ ಕೊಡಬೇಕೆ? ಮಕ್ಕಳು ಓದದೆಯೇ 'ಅಲೋ' ಒತ್ತುತ್ತಾರೆ. ಹಿರಿಯರು ವೈರಸ್ಸೇ ಬಂತೆಂದು ಹೆದರಿ ಕಂಪ್ಯೂಟರನ್ನೇ ಆರಿಸಿಬಿಡುತ್ತಾರೆ. ಎರಡೂ ಸರಿಯಲ್ಲ. ಕೇಳುತ್ತಿರುವ ಪ್ರಶ್ನೆ ಏನೆಂದು ತಿಳಿದರೆ ಉತ್ತರ ಕಷ್ಟವೇನಲ್ಲ.

ಹಾಸ್ಟೆಲಿನ ವಿಳಾಸ ಒಂದೇ ಆದರೂ ಒಳಗೆ ಕೋಣೆಗಳು ಹಲವು. ಕೋಣೆಯ ಸಂಖ್ಯೆ ಇಲ್ಲದಿದ್ದರೆ ಬಂದ ಕಾಗದ ಯಾರದೆಂದು ತಿಳಿಯುವುದಿಲ್ಲ. ಜಾಲದಲ್ಲಿ ಕಂಪ್ಯೂಟರಿನ ವಿಳಾಸವೇ ಐಪಿ ಸಂಖ್ಯೆ. ಕೋಣೆಯ ಸಂಖ್ಯೆಯೇ 'ಪೋರ್ಟ್'. ಇದನ್ನು 16 ಬಿಟ್‌ಗಳಲ್ಲಿ ಬರೆಯುವುದರಿಂದ 0ಯಿಂದ 65,535ರವರೆಗೆ ಸಂಖ್ಯೆಗಳು ಸಿಗುತ್ತವೆ. ಸುರಕ್ಷಿತ ಜಾಲತಾಣಗಳಿಗೆ 443. ಪ್ರಿಂಟ್ ಕೆಲಸಕ್ಕೆ 515, 631 ಮತ್ತು 9100. ಮನೆಯ ವೈ-ಫೈನಲ್ಲಿ 'ಪ್ರಿಂಟರ್ ಯಾರಾದರೂ ಇದ್ದೀರಾ?' ಎಂದು ಕೂಗಿ ಕೇಳಲು ಸಾಮಾನ್ಯವಾಗಿ ಬಳಸುವುದು 5353.

ಕಟ್ಟಡದ ಒಂದು ಭಾಗದ ಬೆಂಕಿ ಇನ್ನೊಂದಕ್ಕೆ ಹಬ್ಬದಂತೆ ಕಟ್ಟುವ ಗೋಡೆಗೆ ಫೈರ್‌ವಾಲ್ ಎಂದು ಹೆಸರು. ಕಂಪ್ಯೂಟರಿನಲ್ಲಿ ಅದು ಹಾಸ್ಟೆಲಿನ ಕಾವಲುಗಾರನಿದ್ದಂತೆ. ಒಳಗಿನವರು ಹೊರಗೆ ಹೋಗುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಕರೆಯದೆ ಬಂದವರನ್ನು ಮಾತ್ರ ಬಾಗಿಲಲ್ಲೇ ನಿಲ್ಲಿಸುತ್ತದೆ. ವಿಂಡೋಸ್ ಎಕ್ಸ್‌ಪಿಗೆ 2004ರಲ್ಲಿ ಬಂದ ಎರಡನೇ ಸರ್ವಿಸ್ ಪ್ಯಾಕ್‌ನಿಂದ ಈಚೆಗೆ ವಿಂಡೋಸ್‌ನಲ್ಲಿ ಈ ಕಾವಲು ತಾನಾಗಿಯೇ ಜಾರಿಯಲ್ಲಿರುತ್ತದೆ.

ಹಾಗಾದರೆ ನಿನ್ನೆಯವರೆಗೆ ಸುಮ್ಮನಿದ್ದ ಕಾವಲುಗಾರ ಇಂದೇಕೆ ಪ್ರಶ್ನಿಸುತ್ತಾನೆ? ಆತ ಅನುಮತಿ ಕೊಟ್ಟಿದ್ದು ಡಿಸ್ಕಿನ ಇಂಥ ಜಾಗದಲ್ಲಿರುವ ಇಂಥ ಪ್ರೋಗ್ರಾಮಿಗೆ. ಹೊಸ ಆವೃತ್ತಿ ಬೇರೆ ಹೆಸರಿನಲ್ಲೋ ಬೇರೆ ಫೋಲ್ಡರಿನಲ್ಲೋ ಬಂದು ಕುಳಿತರೆ ಹಳೆಯ ಪಾಸು ನಡೆಯದು. ಪ್ರಿಂಟರ್‌ನ ಗುಂಡಿ ಒತ್ತಿದೊಡನೆ ಸ್ಕ್ಯಾನ್ ಆದ ಚಿತ್ರ ಕಂಪ್ಯೂಟರಿಗೆ ಬರಬೇಕಾದರೆ ತಂತ್ರಾಂಶ ಒಂದು ಪೋರ್ಟ್‌ನಲ್ಲಿ ಕಿವಿಗೊಟ್ಟು ಕಾಯಬೇಕು. ಅದಕ್ಕಾಗಿಯೇ ಈ ಅನುಮತಿ.

ಪ್ರಿಂಟರ್‌ನಿಂದ ಅಪಾಯವೇನು ಎಂದು ಕೇಳುವವರುಂಟು. 9100ರ ಮೂಲಕ ಬಂದದ್ದನ್ನು ಹಲವು ಪ್ರಿಂಟರ್‌ಗಳು 'ನೀನು ಯಾರು' ಎಂದು ಕೇಳದೆ ಅಚ್ಚು ಹಾಕುತ್ತವೆ. 2018ರ ನವೆಂಬರ್‌ನಲ್ಲಿ ಒಬ್ಬಾತ ಅಂತರಜಾಲಕ್ಕೆ ಈ ಬಾಗಿಲು ತೆರೆದುಕೊಂಡಿದ್ದ ಪ್ರಿಂಟರ್‌ಗಳನ್ನು ಹುಡುಕಿ, ಯೂಟ್ಯೂಬ್ ತಾರೆಯೊಬ್ಬನ ಪರವಾದ ಪ್ರಚಾರಪತ್ರವನ್ನು ಅವುಗಳಲ್ಲಿ ಅಚ್ಚು ಹಾಕಿಸಿದ. ಸುಮಾರು 50,000 ಪ್ರಿಂಟರ್‌ಗಳಿಗೆ ಕಳುಹಿಸಿದ್ದಾಗಿ ಹೇಳಿಕೊಂಡ. ಅಲ್ಲಿ ಹಾಳಾದದ್ದು ಕಾಗದ ಮತ್ತು ಶಾಯಿ ಅಷ್ಟೆ. ಆದರೆ 2021ರಲ್ಲಿ ವಿಂಡೋಸ್‌ನ ಪ್ರಿಂಟ್ ವ್ಯವಸ್ಥೆಯಲ್ಲೇ 'ಪ್ರಿಂಟ್‌ನೈಟ್‌ಮೇರ್' ಎಂಬ ದೋಷ ಕಾಣಿಸಿಕೊಂಡಾಗ ಕಂಪ್ಯೂಟರಿನ ಹಿಡಿತವೇ ಪರರ ಕೈಗೆ ಹೋಗುವಂತಿತ್ತು. ಮೈಕ್ರೋಸಾಫ್ಟ್ ಜುಲೈನಲ್ಲಿ ತುರ್ತಾಗಿ ತಿದ್ದುಪಡಿ ಹೊರಡಿಸಿತು. ಆದ್ದರಿಂದ ಹೊಸ ಆವೃತ್ತಿಗಳೇ ಬೇಡವೆಂದು ಕೂರುವುದೂ ಜಾಣತನವಲ್ಲ.

ಎಚ್ಚರಿಕೆ ಬಂದಾಗ ಮೊದಲು ಪ್ರೋಗ್ರಾಮಿನ ಮತ್ತು ತಯಾರಕರ ಹೆಸರನ್ನು ಓದಬೇಕು. ಅದು ಮನೆಯ ಪ್ರಿಂಟರ್‌ನ ಕಂಪೆನಿಯದೇ ಆಗಿದ್ದು, ತಂತ್ರಾಂಶ ಬದಲಾದದ್ದೂ ನಿಜವಾದರೆ 'ಪ್ರೈವೇಟ್' ಜಾಲಕ್ಕೆ ಮಾತ್ರ ಅನುಮತಿ ಸಾಕು. ಕಾಲೇಜು, ಹಾಸ್ಟೆಲು, ರೈಲು ನಿಲ್ದಾಣಗಳ ವೈ-ಫೈಯನ್ನು 'ಪಬ್ಲಿಕ್' ಎಂದೇ ಎಣಿಸಬೇಕು. ಅಲ್ಲಿ ಅನುಮತಿ ಬೇಡ. ಅನುಮಾನವಿದ್ದರೆ 'ಕ್ಯಾನ್ಸಲ್' ಒತ್ತಬಹುದು. ಪ್ರಿಂಟ್ ಕೆಲಸ ಒಳಗಿನಿಂದ ಹೊರಗೆ ಹೋಗುವುದರಿಂದ ಈಗಾಗಲೇ ಜೋಡಿಸಿದ ಪ್ರಿಂಟರ್ ಬಹುಮಟ್ಟಿಗೆ ಎಂದಿನಂತೆ ಕೆಲಸ ಮಾಡುತ್ತದೆ. ಸ್ಕ್ಯಾನ್ ಗುಂಡಿ ಮುನಿಸಿಕೊಂಡರೆ ಫೈರ್‌ವಾಲ್‌ನ ಸೆಟ್ಟಿಂಗ್ಸ್‌ನಲ್ಲಿ ಆಮೇಲೆ ಅನುಮತಿ ಕೊಟ್ಟರಾಯಿತು. 'ಫೈರ್‌ವಾಲ್ ಪೂರ್ತಿ ಆಫ್ ಮಾಡಿ, ಎಲ್ಲ ಸರಿಹೋಗುತ್ತದೆ' ಎಂಬ ಸಲಹೆಯನ್ನಂತೂ ಕೇಳಲೇಬಾರದು. ಒಬ್ಬ ಅತಿಥಿಗಾಗಿ ಕಾವಲುಗಾರನನ್ನೇ ಮನೆಗೆ ಕಳುಹಿಸಿದಂತೆ ಅದು.

ಪಾಲಕರು ಗಮನಿಸಬೇಕಾದ ಮಾತು ಇನ್ನೊಂದಿದೆ. ನಿಜವಾದ ಫೈರ್‌ವಾಲ್ ದೂರವಾಣಿ ಸಂಖ್ಯೆ ಕೊಟ್ಟು ಕರೆ ಮಾಡಿ ಎನ್ನುವುದಿಲ್ಲ, ಹಣವನ್ನೂ ಕೇಳುವುದಿಲ್ಲ. 'ನಿಮ್ಮ ಪ್ರಿಂಟರ್ ಡ್ರೈವರ್ ಹಳೆಯದಾಗಿದೆ, ಈ ಸಂಖ್ಯೆಗೆ ಫೋನ್ ಮಾಡಿ' ಎಂದು ಪರದೆ ಕೂಗಿದರೆ ಅದು ಮೋಸಗಾರರ ಬಲೆ. ಆ ಪುಟವನ್ನು ಮುಚ್ಚಿ, ತಯಾರಕರ ಜಾಲತಾಣದ ವಿಳಾಸವನ್ನು ಕೈಯಾರೆ ಟೈಪ್ ಮಾಡಿ ನೋಡುವುದೇ ಕ್ಷೇಮ. ಅರ್ಧ ನಿಮಿಷ ಓದಿ ಒತ್ತುವ ಅಭ್ಯಾಸ ಬೆಳೆದರೆ ವರದಿಯೂ ಹೊತ್ತಿಗೆ ಸರಿಯಾಗಿ ಕೈಸೇರುತ್ತದೆ, ಮನೆಯ ಬಾಗಿಲೂ ಭದ್ರವಾಗಿರುತ್ತದೆ.